ವಿಶೇಷ ಶಿಕ್ಷಕರಿಗೆ ತೃಪ್ತಿಯಿಲ್ಲವಂತೆ!

ಕಿವುಡು ಮಕ್ಕಳಿಗೆ, ಕಣ್ಣು ಕಾಣದ ಮಕ್ಕಳಿಗೆ, ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳಿಗೆ ಪಾಠ ಹೇಳುವ ಶಿಕ್ಷಕರು ವರ್ಷ ಎರಡು ವರ್ಷಕ್ಕೆ ಕೆಲಸ ಬಿಡುತ್ತಿದ್ದಾರೆ. ಇವರಲ್ಲಿ ಸೇವಾಮನೋಭಾವ ಸಾಲದೆಂದು ಸಂಸ್ಥೆಗಳ ಧಣಿಗಳು ದೂರುತ್ತಾರೆ. ಕೆಲಸದಲ್ಲಿ ತೃಪ್ತಿ ಕಾಣುವುದನ್ನು ಕಲಿಸಲು ಶಿಬಿರ ನಡೆಸೋಣವೆಂದು ಅಧಿಕಾರಿಗಳು ಹೇಳುತ್ತಾರೆ. ತಿಂಗಳ ಕೊನೆಗೆ ಮನೆಯೊಡೆಯ ಈ ತೃಪ್ತಿಯನ್ನು ಬಾಡಿಗೆಗೆ ವಜಾ ಹಾಕಿಕೊಳ್ಳುವನೇ ಎಂದು ನಾವು ಕೇಳುತ್ತೇವೆ.

ಈ ಶಿಕ್ಷಕರೇನು ದಾರಿಹೋಕರಲ್ಲ. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮುಗಿಸಿ, ಅದರ ಪಟ್ಟಿಯಲ್ಲಿ ಹೆಸರು ಬರೆಸಿದವರು. ಹೊಣೆ ಹೊರಿಸುವಾಗ ತಜ್ಞರು. ಸಂಬಳ ಕೊಡುವಾಗ ಮಾತ್ರ ಸ್ವಯಂಸೇವಕರು! ಅನೇಕರಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಅದರಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ. ಶಿಶುಕೇಂದ್ರಿತ ಯೋಜನೆಯಲ್ಲಿ ನಮ್ಮ ಸರಕಾರ ಸಂಸ್ಥೆಗಳಿಗೆ ಮಕ್ಕಳ ತಲೆಯೆಣಿಸಿ ಅನುದಾನ ಕೊಡುತ್ತದೆ. ನಾಲ್ಕು ಮಕ್ಕಳು ಕಡಿಮೆಯಾದರೆ ಕತ್ತರಿ ಬೀಳುವುದು ಶಿಕ್ಷಕಿಯ ಸಂಬಳಕ್ಕೆ. ಕಂತು ತಡವಾದರೆ ಬೆಳೆಯುವುದು ಅವಳ ಕಿರಾಣಿ ಅಂಗಡಿಯ ಸಾಲ. ಸರಕಾರಿ ಶಾಲೆಗಳದೋ, ತಾಲ್ಲೂಕಿಗೆ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು. ಊರೂರು ಸುತ್ತಬೇಕು, ಶಾಲೆಗೆ ಬರಲಾರದ ಮಗುವಿನ ಮನೆಗೇ ಹೋಗಿ ಕಲಿಸಬೇಕು, ತಪಾಸಣೆಯ ಶಿಬಿರಕ್ಕೆ ಜನ ಕೂಡಿಸಬೇಕು, ಉಳಿದ ಹೊತ್ತಿನಲ್ಲಿ ಕಚೇರಿಯ ನಮೂನೆ ತುಂಬಬೇಕು.

ಕಾನೂನು ಇಲ್ಲವೇ? ಬೇಕಾದಷ್ಟಿದೆ. 1995ರಲ್ಲೊಂದು ಕಾಯಿದೆ, 2016ರಲ್ಲಿ ಅದಕ್ಕಿಂತ ದೊಡ್ಡದು. ನಡುವೆ ‘ವಿಕಲಾಂಗರು’ ಹೋಗಿ ‘ವಿಕಲಚೇತನರು’ ಬಂದರು. (ಹೆಸರು ಬದಲಿಸಲು ಖಜಾನೆಗೆ ಖರ್ಚಿಲ್ಲ.) ವಿಶೇಷ ಶಿಕ್ಷಕರ ಖಾಯಂ ಹುದ್ದೆ ಸೃಷ್ಟಿಸಿರೆಂದು 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅಪ್ಪಣೆ ಮಾಡಿತು. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬರು ಎಂದು 2022ರಲ್ಲಿ ಕೇಂದ್ರ ಸರಕಾರವೇ ಪ್ರಕಟಿಸಿತು. ಆದರೂ 2025ರ ಮಾರ್ಚಿಯಲ್ಲಿ ಅದೇ ನ್ಯಾಯಾಲಯ ರಾಜ್ಯಗಳಿಗೆ ಮೂರು ವಾರದ ಗಡುವು ಹಾಕಿ ಹುದ್ದೆಗಳನ್ನು ಪ್ರಕಟಿಸಿರೆಂದು ಮತ್ತೆ ಹೇಳಬೇಕಾಯಿತು. ಕೆಲವು ರಾಜ್ಯಗಳಲ್ಲಿ ಗುತ್ತಿಗೆಯ ಶಿಕ್ಷಕರು ಸುಮಾರು 20 ವರ್ಷ ದುಡಿದಿದ್ದಾರೆಂಬುದೂ ಆಗ ದಾಖಲಾಯಿತು. ಇಪ್ಪತ್ತು ವರ್ಷದ ‘ತಾತ್ಕಾಲಿಕ’ ಸೇವೆ! ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದು ತಾತ್ಕಾಲಿಕ ನೌಕರರಿಗೂ ಸಲ್ಲುತ್ತದೆಂದು 2016ರಲ್ಲೇ ತೀರ್ಪಾಗಿದೆ. ಅದನ್ನು ಓದಿದ ಮಂತ್ರಿಗಳಿದ್ದಾರೆಯೇ?

ಶಿಕ್ಷಕಿ ಬಿಟ್ಟುಹೋದರೆ ಸಂಸ್ಥೆಗೆ ಇನ್ನೊಬ್ಬಳು ಸಿಗುತ್ತಾಳೆ, ಇನ್ನೂ ಕಡಿಮೆಗೆ. ಮಗುವಿನ ಗತಿ? ಹೊಸಬರು ಹತ್ತಿರ ಬಂದರೆ ಚೀರುವ ಮಗು ಪಕ್ಕದಲ್ಲಿ ಕೂರಗೊಡಲು ತಿಂಗಳುಗಳೇ ಬೇಕು. ಕೈಸನ್ನೆಯಲ್ಲಿ ನೀರು ಕೇಳುವುದನ್ನು ಈಗತಾನೆ ಕಲಿತ ಕಿವುಡು ಮಗುವಿಗೆ ಆ ಸನ್ನೆ ತಿಳಿಯುವವಳೇ ನಾಳೆ ಇಲ್ಲ. ಕೂಲಿಗೆ ಹೋಗುವ ತಾಯಿ ಮತ್ತೊಬ್ಬರ ಮುಂದೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕು. ಹಣವುಳ್ಳವರು ಪೇಟೆಯಲ್ಲಿ ಖಾಸಗಿ ತಜ್ಞರನ್ನು ಹುಡುಕಿಕೊಳ್ಳುತ್ತಾರೆ. ಆಕೆ ಯಾರ ಬಾಗಿಲು ತಟ್ಟಬೇಕು?

ಶಿಕ್ಷಕರ ಸಂಘದ ಗೆಳೆಯರಿಗೂ ಒಂದು ಮಾತು. ವೇತನ ಆಯೋಗದ ಕಾಲದಲ್ಲಿ ನಿಮ್ಮ ದನಿ ಬೆಂಗಳೂರಿಗೆ ಕೇಳಿಸುತ್ತದೆ. ಅದರಲ್ಲಿ ಇವರ ಹೆಸರೇಕಿಲ್ಲ?

ಜಿಲ್ಲೆಯ ಶಿಕ್ಷಣಾಧಿಕಾರಿಗಳನ್ನು ನಾವು ಕೇಳುವುದು ಮೂರೇ ಲೆಕ್ಕ: ಇಂಥ ಮಕ್ಕಳೆಷ್ಟು, ಮಂಜೂರಾದ ವಿಶೇಷ ಶಿಕ್ಷಕರ ಹುದ್ದೆಗಳೆಷ್ಟು, ಖಾಯಂ ಆಗಿ ತುಂಬಿದವೆಷ್ಟು? ಉತ್ತರವನ್ನು ಅಚ್ಚು ಹಾಕಲು ಮುಂದಿನ ಸಂಚಿಕೆಯ ಇದೇ ಪುಟದಲ್ಲಿ ಜಾಗ ಬಿಟ್ಟಿರುತ್ತೇವೆ. ಉತ್ತರ ಬರದಿದ್ದರೆ ಆ ಜಾಗ ಖಾಲಿಯಾಗಿಯೇ ಅಚ್ಚಾಗುತ್ತದೆ.