ಬೆಳಕಿನ ಬೇಸಾಯ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯ ಉತ್ಪಾದನೆ ಆರಂಭವಾದುದು 1902ರಲ್ಲಿ. ಆ ಶಕ್ತಿ ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ದೀಪಗಳನ್ನು ಬೆಳಗಿತು. ನಾಡಿಗೆ ಬೆಳಕನ್ನು ಕಳುಹಿಸಿದ ಈ ಸೀಮೆಯ ಮಕ್ಕಳು ಬೆಳಕಿನ ಸಂಶೋಧನೆಯನ್ನೇ ತಮ್ಮ ವೃತ್ತಿಯನ್ನಾಗಿ ಏಕೆ ಆರಿಸಿಕೊಳ್ಳಬಾರದು?

ಬೆಳಕನ್ನು ಉಂಟುಮಾಡುವ, ಹರಿಸುವ, ಅಳೆಯುವ ವಿದ್ಯೆಗೆ ಫೋಟಾನಿಕ್ಸ್ ಎಂದು ಹೆಸರು. ಹೆಸರು ಹೊಸದಾದರೂ ವಿದ್ಯೆ ನಮಗೆ ದೂರದ್ದಲ್ಲ. ಮಂಡ್ಯ, ಮದ್ದೂರುಗಳ ಆಲೆಮನೆಗಳಲ್ಲಿ ಅನುಭವಿಗಳು ಪಾಕದ ಹದವನ್ನು ಕಣ್ಣಿನಿಂದಲೇ ಅರಿಯುತ್ತಾರೆ. ಕಬ್ಬಿನ ರಸದ ಸಿಹಿಯನ್ನು ಅಂಕಿಗಳಲ್ಲಿ ತಿಳಿಯಲು ವಕ್ರೀಭವನ ಮಾಪಕವೆಂಬ ಪುಟ್ಟ ಉಪಕರಣವಿದೆ. ಅದರ ಗಾಜಿನ ಮೇಲೆ ಒಂದೆರಡು ತೊಟ್ಟು ರಸವನ್ನು ಹಾಕಿ ಬೆಳಕಿಗೆ ಹಿಡಿಯಬೇಕು. ಸಕ್ಕರೆ ಹೆಚ್ಚಿದಂತೆಲ್ಲ ಬೆಳಕು ಹೆಚ್ಚು ಬಾಗುತ್ತದೆ. ಆ ಬಾಗುವಿಕೆಯೇ ಸಿಹಿಯ ಅಳತೆ.

ಕಬ್ಬಿನ ರಸವನ್ನು ಪರೀಕ್ಷಿಸುವ ಬೆಳಕು ಚಂದ್ರನ ಮಣ್ಣನ್ನೂ ಪರೀಕ್ಷಿಸಿದೆ. 2023ರ ಆಗಸ್ಟ್ ತಿಂಗಳಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ವಾಹನವು ಲೇಸರ್ ಕಿರಣವನ್ನು ಅಲ್ಲಿಯ ಮಣ್ಣಿನ ಮೇಲೆ ಹಾಯಿಸಿತು. ಕಾದು ಆವಿಯಾದ ಮಣ್ಣು ಬೆಳಕನ್ನು ಸೂಸಿತು. ಪ್ರತಿಯೊಂದು ಮೂಲವಸ್ತುವಿಗೂ ತನ್ನದೇ ಆದ ಬಣ್ಣಗಳಿರುವುದರಿಂದ, ಆ ಬೆಳಕನ್ನು ಬಿಡಿಸಿ ನೋಡಿದಾಗ ಗಂಧಕದ ಇರುವಿಕೆ ತಿಳಿದುಬಂದಿತು. ಆ ಉಪಕರಣ ಸಿದ್ಧವಾದುದು ಬೆಂಗಳೂರಿನಲ್ಲಿ, ಇಸ್ರೋ ಸಂಸ್ಥೆಯ ಲಿಯೋಸ್ ಪ್ರಯೋಗಾಲಯದಲ್ಲಿ.

ಇಂತಹ ವೃತ್ತಿಗೆ ದೀರ್ಘಕಾಲದ ಓದು ಬೇಕು. ಬೇಗ ಸಂಪಾದಿಸುವುದೇ ಲೇಸಲ್ಲವೇ ಎಂದು ತಂದೆತಾಯಿಗಳು ಕೇಳುತ್ತಾರೆ. ಸಾಲದ ಹೊರೆಯುಳ್ಳ ಮನೆಯಲ್ಲಿ ಆ ಪ್ರಶ್ನೆ ನ್ಯಾಯವಾದುದೇ. ಆದರೆ ಮೊದಲ ಸಂಬಳದಿಂದಲೇ ವೃತ್ತಿಯನ್ನು ತೂಗುವುದು, ಮೊಳಕೆಯನ್ನು ನೋಡಿ ಬೆಳೆಯ ಬೆಲೆ ಕಟ್ಟಿದಂತೆ. ಸರ್ ಸಿ. ವಿ. ರಾಮನ್ ಅವರು ಕಡಲಿನ ನೀಲಿಯ ಕಾರಣವನ್ನು ಕುರಿತು ಚಿಂತಿಸಿದುದು 1921ರ ಸಮುದ್ರಯಾನದಲ್ಲಿ. ಬೆಳಕಿನ ಚದರುವಿಕೆಯ ಆ ಅಧ್ಯಯನವು ರಾಮನ್ ಪರಿಣಾಮವಾಗಿ ಫಲಿಸಿದುದು 1928ರಲ್ಲಿ. ನಡುವೆ ಕಳೆದುದು ಏಳು ವರ್ಷ!

ಕನ್ನಡದಲ್ಲಿ ಓದಿದವರಿಗೆ ಇದು ಎಟುಕದೆಂಬ ಅಳುಕೂ ಸಲ್ಲದು. ಮುಂದೆ ಇಂಗ್ಲಿಷ್ ಅಗತ್ಯ. ಅದನ್ನು ಶ್ರದ್ಧೆಯಿಂದ ಕಲಿಯಬೇಕು. ಆದರೆ ‘ಏಕೆ’ ಎಂದು ಕೇಳುವ ಮನಸ್ಸು ಯಾವ ಭಾಷೆಯ ಸ್ವತ್ತೂ ಅಲ್ಲ.

ಪ್ರಯೋಗಾಲಯವು ಬೇಡುವ ಗುಣಗಳು ಎರಡು: ತಾಳ್ಮೆ ಮತ್ತು ಅಳತೆಯಲ್ಲಿ ಪ್ರಾಮಾಣಿಕತೆ. ತಾನು ಬಯಸಿದ ಅಂಕಿಯನ್ನಲ್ಲ, ಕಂಡ ಅಂಕಿಯನ್ನೇ ಬರೆಯುವವನು ವಿಜ್ಞಾನಿ. ನಾಟಿ ಮಾಡಿದ ಕಬ್ಬಿಗೆ ಸುಮಾರು ಒಂದು ವರ್ಷ ಕಾಯುವ, ತೂಕದಲ್ಲಿ ಮೋಸವನ್ನು ಸಹಿಸದ ರೈತನ ಮಕ್ಕಳಿಗೆ ಈ ಗುಣಗಳನ್ನು ಹೊಸದಾಗಿ ಕಲಿಸಬೇಕೇ? ಬೆಳಕಿನ ಬೇಸಾಯಕ್ಕೂ ಅಂತಹ ಕೈಗಳೇ ಬೇಕು.