ಇಂಜಿನಿಯರಿಂಗ್ ಓದಲು ಗದ್ದೆ ಮಾರಬೇಕೆ?



ಸೆಪ್ಟೆಂಬರ್ 15ರಂದು ಪ್ರಾರ್ಥನೆ ಮುಗಿದ ಮೇಲೆ ನಮ್ಮ ಮುಖ್ಯೋಪಾಧ್ಯಾಯರು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಮಾತನಾಡಿ, "ನಿಮ್ಮಲ್ಲಿ ಯಾರ್ಯಾರು ಇಂಜಿನಿಯರ್ ಆಗ್ತೀರಿ, ಕೈ ಎತ್ತಿ" ಎಂದರು. ಹತ್ತನೇ ತರಗತಿ ಸಾಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೈಗಳು ಮೇಲೆದ್ದವು. ನಾನೂ ಎತ್ತಿದೆ, ಆದರೆ ಸ್ವಲ್ಪ ಅಳುಕಿನಿಂದಲೇ ಎತ್ತಿದೆ. ಯಾಕಂದರೆ ನಮ್ಮ ಮನೆಯಲ್ಲಿ ಹೋದ ವರ್ಷ ಅಕ್ಕನ ಕಾಲೇಜಿನ ವಿಷಯಕ್ಕೆ ಎರಡು ತಿಂಗಳು ದಿನಾ ರಾತ್ರಿ ವಾದ ನಡೆದಿತ್ತು. ಊಟಕ್ಕೆ ಕೂತರೆ ಅದೇ ಮಾತು. ಯಾವ ಕಾಲೇಜು, ಎಷ್ಟು ದುಡ್ಡು, ಆ ದುಡ್ಡು ಎಲ್ಲಿಂದ?

ಮೊದಲು ನಮ್ಮ ದೊಡ್ಡಪ್ಪನ ಕಥೆ ಹೇಳಬೇಕು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಮಗ, ನಾಲ್ಕು ಜನಕ್ಕೆ ಗೊತ್ತಾಗ್ಲಿ" ಅಂದರು. ಅವರ ಮಗನಿಗೆ, ಅಂದರೆ ನಮ್ಮ ಅಣ್ಣನಿಗೆ, ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ಬರಲಿಲ್ಲ. ಟೌನಿನಿಂದ ಒಬ್ಬ ಏಜೆಂಟ್ ಬಂದ. ಬಣ್ಣದ ಪುಸ್ತಕ ತೋರಿಸಿದ. ಗಾಜಿನ ಕಟ್ಟಡ, ಈಜುಕೊಳ, ಹವಾನಿಯಂತ್ರಿತ ಸಭಾಂಗಣ. "ಮ್ಯಾನೇಜ್‌ಮೆಂಟ್ ಸೀಟು, ಇವತ್ತು ಅಡ್ವಾನ್ಸ್ ಕೊಡದಿದ್ರೆ ನಾಳೆ ಇರಲ್ಲ" ಅಂದ. ದೊಡ್ಡಪ್ಪ ನಾಲೆ ಬಯಲಿನ ಮೂವತ್ತು ಗುಂಟೆ ಗದ್ದೆ ಮಾರಿದರು. ಅಣ್ಣ ಹೋಗಿ ನೋಡಿದರೆ ಕಟ್ಟಡವೇನೋ ಇತ್ತು, ಪಾಠ ಮಾಡುವವರು ವರ್ಷಕ್ಕೆ ಮೂರು ಸಲ ಬದಲಾಗುತ್ತಿದ್ದರು. ಅಣ್ಣ ಓದಲಿಲ್ಲ ಅಂತ ನಾನು ಹೇಳಲಾರೆ, ಕಷ್ಟಪಟ್ಟೇ ಐದು ವರ್ಷಕ್ಕೆ ಮುಗಿಸಿದ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬರುವ ಸಂಬಳ ಅವನ ರೂಮಿನ ಬಾಡಿಗೆಗೂ ಊಟಕ್ಕೂ ಸರಿಹೋಗುತ್ತದೆ. ದೊಡ್ಡಪ್ಪ ತಾವು ಮಾರಿದ ಗದ್ದೆಗೇ ನಾಟಿ ಕಾಲದಲ್ಲಿ ಕೂಲಿಗೆ ಹೋಗುತ್ತಾರೆ.

ಹೀಗಿರುವಾಗ ಅಕ್ಕನ ಸರದಿ ಬಂತು. ನಮ್ಮಪ್ಪನಿಗೂ ಉಳಿದಿರುವುದು ಒಂದೂವರೆ ಎಕರೆ. ಮಾವ ಬಂದು "ಬೆಂಗಳೂರಿಗೇ ಸೇರಿಸಿ ಭಾವ, ಅಲ್ಲಿ ಓದಿದ್ರೆ ಮಾತ್ರ ಕೆಲಸ" ಅಂತ ಹಠ ಹಿಡಿದರು. ಅಪ್ಪನೂ ಅರ್ಧ ಮನಸ್ಸು ಮಾಡಿದ್ದರು. ಬೇಡ ಅಂದವಳು ಅಕ್ಕನೇ.

ಮಿತ್ರರೇ, ದುಡ್ಡು ಜಾಸ್ತಿ ಇದ್ದ ಕಡೆ ಓದು ಜಾಸ್ತಿ ಅನ್ನುವುದು ನಮ್ಮ ಹಳ್ಳಿಗಳಲ್ಲಿ ಬೇರೂರಿರುವ ತಪ್ಪು ಕಲ್ಪನೆ. ಸ್ವಲ್ಪ ಲೆಕ್ಕ ನೋಡಿ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜೇ ಇಂದಿನ ಯುವಿಸಿಇ. ಇದು ಸರ್ಕಾರದ್ದು. ರಾಜ್ಯದಲ್ಲಿ ಸಿಇಟಿ ಬರೆದವರು ಮೊದಲು ಹುಡುಕುವ ಕಾಲೇಜುಗಳಲ್ಲಿ ಇದೂ ಒಂದು. ನಮ್ಮ ಸುತ್ತಮುತ್ತಲೇ ಕೃಷ್ಣರಾಜಪೇಟೆ, ಹಾಸನ, ಚಾಮರಾಜನಗರ, ರಾಮನಗರಗಳಲ್ಲಿ 2007ರಲ್ಲಿ ಶುರುವಾದ ಸರ್ಕಾರಿ ಕಾಲೇಜುಗಳಿವೆ. ಅನುದಾನಿತ ಕಾಲೇಜುಗಳೂ ಇವೆ: ಮಂಡ್ಯದ ಪಿಇಎಸ್ 1962ರದು, ಹಾಸನದ ಮಲೆನಾಡು ಕಾಲೇಜು 1960ರದು, ಮೈಸೂರಿನ ಎನ್‌ಐಇ ಅದಕ್ಕೂ ಹಳೆಯದು, 1946ರದು. ಇಲ್ಲಿ ಒಂದು ಸೂಕ್ಷ್ಮ ಇದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಂಥ ಕಾಲೇಜಿನಲ್ಲಿ ಒಂದೇ ಗೇಟಿನೊಳಗೆ ಎರಡು ಥರದ ಫೀಸು. ಸಿವಿಲ್, ಮೆಕ್ಯಾನಿಕಲ್‌ನಂಥ ಹಳೆಯ ವಿಭಾಗಗಳಲ್ಲಿ ಅನುದಾನಿತ ಸೀಟು ಸಿಕ್ಕರೆ ಫೀಸು ಕಡಿಮೆ. ಅನುದಾನವಿಲ್ಲದ ವಿಭಾಗಕ್ಕೆ ಹೋದರೆ ಖಾಸಗಿ ದರ. ಕೆಇಎ ಪಟ್ಟಿಯಲ್ಲಿ ಕಾಲೇಜಿನ ಹೆಸರಷ್ಟೇ ನೋಡಿ ಒತ್ತಿದರೆ ಮೋಸ ಹೋಗುತ್ತೇವೆ.

ಖಾಸಗಿ ಕಾಲೇಜಿನ ಸೀಟುಗಳು ಮೂರು ಪಾಲು. ಸಿಇಟಿ ರ‍್ಯಾಂಕಿಗೆ ಸರ್ಕಾರ ಹಂಚುವುದು ಒಂದು, ಕಾಮೆಡ್-ಕೆ ಪರೀಕ್ಷೆಗೆ ಸಿಗುವುದು ಇನ್ನೊಂದು, ಆಡಳಿತ ಮಂಡಳಿಯೇ ಕೊಡುವುದು ಮತ್ತೊಂದು. ಮೂವರೂ ಒಂದೇ ಬೆಂಚಿನಲ್ಲಿ ಕೂತು ಅದೇ ಪಾಠ ಕೇಳಿ ಅದೇ ಪರೀಕ್ಷೆ ಬರೆಯುತ್ತಾರೆ. ಕೊಟ್ಟ ದುಡ್ಡು ಮಾತ್ರ ಬೇರೆ ಬೇರೆ! ಇನ್ನು ಡೊನೇಷನ್ ತೆಗೆದುಕೊಳ್ಳಬಾರದೆಂದು ನಮ್ಮ ರಾಜ್ಯದಲ್ಲಿ 1984ರಲ್ಲೇ ಕಾನೂನು ಆಗಿದೆ. ಏಜೆಂಟರು ರಸೀದಿ ಇಲ್ಲದೆ ಕೇಳುವ ದುಡ್ಡು ಯಾವುದು ಅಂತ ನೀವೇ ಯೋಚಿಸಿ.

ಹಾಗಂತ ಫೀಸು ಕಡಿಮೆ ಇದ್ದ ಕಡೆ ಕಣ್ಣು ಮುಚ್ಚಿ ಸೇರಿ ಅಂತ ನಾನು ಹೇಳುತ್ತಿಲ್ಲ. ಅಕ್ಕ ಮತ್ತು ಅಪ್ಪ ಬಸ್ಸಿನಲ್ಲಿ ಹೋಗಿ ಮೂರು ಕಾಲೇಜು ನೋಡಿ ಬಂದರು. ಅಕ್ಕನಿಗೆ ಬಸ್ಸು ಪುಕ್ಕಟೆ, ಅಪ್ಪನಿಗೆ ಮಾತ್ರ ಟಿಕೆಟ್. (2023ರಿಂದ ಹೆಣ್ಣು ಮಕ್ಕಳಿಗೆ ಇರುವ ಈ ಅನುಕೂಲ ನಮಗಿಲ್ಲ, ಇರಲಿ.) ಒಂದು ಕಡೆ ಆಫೀಸಿನವರು ಕಾಫಿ ಕೊಟ್ಟು, ಅತಿ ದೊಡ್ಡ ಸಂಬಳ ಸಿಕ್ಕ ಹುಡುಗನ ಫೋಟೋ ಇರುವ ಫ್ಲೆಕ್ಸ್ ತೋರಿಸಿದರಂತೆ. ಅಕ್ಕ ಕೇಳಿದಳಂತೆ, "ಸಾರ್, ಇವರೊಬ್ಬರನ್ನು ಬಿಟ್ಟು ಉಳಿದವರಿಗೆ ಎಷ್ಟು?" ಅವರು ಮಾತು ಬದಲಿಸಿದರು. ಇನ್ನೊಂದು ಕಡೆ ವರ್ಕ್‌ಶಾಪಿಗೆ ಹೋದರೆ ಲೇತ್ ಮಿಷನ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಅಪ್ಪ ಹೆಚ್ಚು ಓದಿದವರಲ್ಲ, ಆದರೆ ಅದನ್ನು ನೋಡಿ "ಉಳುಮೆ ಆಗದ ನೇಗಿಲು ಕಣವ್ವ ಇದು" ಅಂದರಂತೆ. ಮೂರನೆಯದು ಸರ್ಕಾರಿ ಕಾಲೇಜು. ಗೋಡೆಗೆ ಸುಣ್ಣ ಹೊಡೆದು ಎಷ್ಟು ವರ್ಷವಾಗಿತ್ತೋ! ಆದರೆ ಲ್ಯಾಬಿನಲ್ಲಿ ಹುಡುಗರು ಕೈ ಮಸಿ ಮಾಡಿಕೊಂಡು ಕೆಲಸ ಮಾಡುತ್ತಿದ್ದರು.

ಪಾಠ ಮಾಡುವವರ ಲೆಕ್ಕವನ್ನು ನಮ್ಮ ಗಣಿತ ಮೇಷ್ಟ್ರು ಅಕ್ಕನಿಗೆ ಹೇಳಿಕೊಟ್ಟರು. ಎಐಸಿಟಿಇ ನಿಯಮದ ಪ್ರಕಾರ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರಿರಬೇಕು. ವರ್ಷಕ್ಕೆ 60 ಸೀಟಿನ ವಿಭಾಗವೆಂದರೆ ನಾಲ್ಕು ವರ್ಷಕ್ಕೆ 240 ಜನ, ಅಂದರೆ 12 ಅಧ್ಯಾಪಕರು. ಪ್ರತಿ ಕಾಲೇಜೂ ತನ್ನ ಅಧ್ಯಾಪಕರ ಪಟ್ಟಿ, ಫೀಸು, ಸೀಟುಗಳ ವಿವರವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಆ ಪಟ್ಟಿಯ ಹೆಸರುಗಳನ್ನು ಬರೆದುಕೊಂಡು ಹೋಗಿ ಮೂರನೇ ವರ್ಷದ ಹುಡುಗರನ್ನು "ಇವರು ನಿಮಗೆ ಪಾಠ ಮಾಡ್ತಾರಾ?" ಅಂತ ಕೇಳಿದರೆ ಸಾಕು, ಬಂಡವಾಳ ಗೊತ್ತಾಗುತ್ತದೆ. ಆಫೀಸಿಗಿಂತ ಕ್ಯಾಂಟೀನಿನಲ್ಲಿ ನಿಜ ಸಿಗುತ್ತದೆ ಅನ್ನುತ್ತಾಳೆ ಅಕ್ಕ.

ಸಾಲ ಮಾಡುವವರು ಇನ್ನೊಂದು ವಿಷಯ ನೋಡಲೇಬೇಕು. ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ನೀವು ಸೇರುವ ವಿಭಾಗಕ್ಕೆ ಎನ್‌ಬಿಎ ಮಾನ್ಯತೆ ಇದೆಯೇ ಎಂದು ಕೇಳಿ. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗೆ ಇದ್ದವರಿಗೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ, ಆದರೆ ಮಾನ್ಯತೆ ಇಲ್ಲದ ಕಡೆ ಸೇರಿದರೆ ಅದು ಕೈತಪ್ಪುತ್ತದೆ. ಆದಾಯ ಎಂಟು ಲಕ್ಷದೊಳಗೆ ಇದ್ದು ರ‍್ಯಾಂಕ್ ಚೆನ್ನಾಗಿದ್ದರೆ ಬೋಧನಾ ಶುಲ್ಕ ಮನ್ನಾ ಆಗುವ ಸೂಪರ್‌ನ್ಯೂಮರರಿ ಸೀಟುಗಳೂ ಇವೆ, ನೂರಕ್ಕೆ ಐದರಂತೆ ಹೆಚ್ಚುವರಿ. ಅಕ್ಕನಿಗೆ ಇದು ಸ್ವಲ್ಪದರಲ್ಲಿ ತಪ್ಪಿತು.

ಈಗ ಅಕ್ಕ ಬೇರೆ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿದ್ದಾಳೆ. ಅಲ್ಲಿ ಎಲ್ಲ ಚೆನ್ನಾಗಿದೆ ಅಂದರೆ ಸುಳ್ಳಾಗುತ್ತದೆ. ಅರ್ಧದಷ್ಟು ಜನ ಅತಿಥಿ ಉಪನ್ಯಾಸಕರು, ಕೆಲವು ವಿಷಯಕ್ಕೆ ತಿಂಗಳಾದ ಮೇಲೆ ಬಂದರು. ದೊಡ್ಡ ಕಂಪನಿಗಳು ಅಲ್ಲಿಗೇ ಬರುವುದು ಕಡಿಮೆ, ಹುಡುಗರೇ ಬೇರೆ ಕಡೆ ಹೋಗಿ ಸಂದರ್ಶನ ಕೊಡಬೇಕು. ಈ ವಿಷಯದಲ್ಲಿ ಮಾವ ಹೇಳಿದ್ದು ಪೂರ್ತಿ ತಪ್ಪಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು ಅತ್ತಿದ್ದೂ ಉಂಟು. ಆದರೆ ರಾತ್ರಿ ಹಾಸ್ಟೆಲಿನಲ್ಲಿ ಓದುವಾಗ "ಅಪ್ಪನ ಗದ್ದೆ ಹೋಯಿತು" ಅನ್ನುವ ಭಾರ ಅವಳ ತಲೆ ಮೇಲಿಲ್ಲ. ಒಂದು ವಿಷಯದಲ್ಲಿ ಫೇಲಾದಾಗ ಮನೆಗೆ ಫೋನ್ ಮಾಡಿ ಹೇಳಿದಳು. ನಮ್ಮ ಅಣ್ಣ ಎರಡು ವರ್ಷ ಹೇಳಿರಲೇ ಇಲ್ಲ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಈ ವ್ಯತ್ಯಾಸ.

ಸಿಇಟಿ ರ‍್ಯಾಂಕಿನಲ್ಲಿ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ಲೆಕ್ಕ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸೀಟು ಮೀಸಲಿದೆ. ಗೆಳೆಯರೇ, ಈ ಎರಡೂ ನಮ್ಮಂಥವರಿಗೇ ಇರುವುದು! ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ನಮ್ಮ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ ಸಹಿ ಆಗಬೇಕು. ಅಕ್ಕನ ಗೆಳತಿಯೊಬ್ಬಳು ಕೊನೇ ವಾರ ಓಡಾಡಿ ಸಹಿ ಸಿಗದೆ ಅದನ್ನು ಕಳೆದುಕೊಂಡಳು. ಪಿಯುಸಿ ಬೇಡವೆನ್ನುವವರು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ನಾನು ಇದನ್ನೇ ಯೋಚಿಸುತ್ತಿದ್ದೇನೆ, ಅಪ್ಪನಿಗೆ ಇನ್ನೂ ಹೇಳಿಲ್ಲ.

ಕೊನೆಯದಾಗಿ ಗುರುಗಳಲ್ಲಿ ನನ್ನದೊಂದು ವಿನಂತಿ. ಆಪ್ಷನ್ ಎಂಟ್ರಿ ಮಾಡುವಾಗ ನಮ್ಮೂರಿನವರು ಟೌನಿನ ಸೈಬರ್ ಸೆಂಟರಿಗೆ ಹೋಗಿ, ಅಲ್ಲಿಯ ಹುಡುಗ ಒತ್ತಿದ್ದೇ ಕಾಲೇಜು ಅನ್ನುವ ಹಾಗಾಗಿದೆ. ಎಷ್ಟು ಕಾಲೇಜು ಬೇಕಾದರೂ ಬರೆಯಬಹುದು, ಬರೆದ ಕ್ರಮವೇ ಮುಖ್ಯ, ಅಣಕು ಹಂಚಿಕೆ ನೋಡಿ ಮತ್ತೆ ತಿದ್ದಬಹುದು ಅನ್ನುವುದೇ ಗೊತ್ತಿಲ್ಲದೆ ಐದಾರು ಹೆಸರು ಬರೆದು ಬರುತ್ತಾರೆ. ನಮ್ಮ ಶಾಲೆಯಿಂದ ಪಿಯುಸಿಗೆ ಹೋದ ಅಕ್ಕಂದಿರು ಅಣ್ಣಂದಿರಿಗೆ ಆ ಒಂದು ವಾರ ಸಂಜೆ ನಮ್ಮ ಕಂಪ್ಯೂಟರ್ ಕೊಠಡಿ ತೆರೆದುಕೊಡಬೇಕು. ಗಣಿತ ಮೇಷ್ಟ್ರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಕರೆಂಟು ಹೋದರೆ ಯುಪಿಎಸ್ ಅರ್ಧ ಗಂಟೆ ಬರುತ್ತದೆ, ನಾನು ನೋಡಿದ್ದೇನೆ. ಅಕ್ಕ ಆ ಸಮಯಕ್ಕೆ ರಜೆಯಲ್ಲಿ ಬಂದರೆ ತಾನೂ ಕೂರುತ್ತೇನೆ ಅಂದಿದ್ದಾಳೆ.

— ಹತ್ತನೇ ತರಗತಿ, 'ಬಿ' ವಿಭಾಗ