ಗಿರಾಕಿಯ ನಂಬರೂ ಅಮಾನತ್ತೇ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಧರ್ಮಪುರಿಯ ನನ್ನ ಬೈಕ್ ಸರ್ವಿಸ್ ಅಂಗಡಿಗೆ ಒಬ್ಬ ಗಿರಾಕಿ ಬಂದರು. ಹೆಂಡತಿ, ಸಣ್ಣ ಮಗುವಿನ ಜೊತೆ ಸೇಲಂಗೆ ಹೊರಟಿದ್ದರು. "ಬಾಯ್, ಎಲ್ಲ ಒಮ್ಮೆ ನೋಡಿ ಕೊಡಿ" ಅಂದರು. ತಮಿಳುನಾಡಿನಲ್ಲಿ ಅಂಗಡಿ ಇಟ್ಟ ಮುಸ್ಲಿಮನಿಗೆ ಹೆಸರು ಯಾವುದಾದರೂ ಗಿರಾಕಿಗಳ ಬಾಯಲ್ಲಿ ಅವನು ಬಾಯ್. ಹುಡುಗ ಕಂಪ್ಯೂಟರ್ ನೋಡಿದ. ಎರಡು ತಿಂಗಳ ಹಿಂದೆ ಹಿಂದಿನ ಬ್ರೇಕ್ ಶೂ ಬದಲಿಸಿದ್ದೇವೆ ಎಂದು ಅಲ್ಲಿ ಬರೆದಿತ್ತು. ಬ್ರೇಕ್ ಬಿಟ್ಟು ಉಳಿದದ್ದನ್ನೆಲ್ಲ ಮಾಡಿ ಮುಗಿಸಿದ.

ಗಾಡಿಯನ್ನು ಹೊರಗೆ ತರುವಾಗ ಅಭ್ಯಾಸಬಲದಿಂದ ನಾನು ಪೆಡಲ್ ಒತ್ತಿದೆ. ಅದು ಕೆಳಗಿನವರೆಗೆ ಹೋಯಿತು. ಚಕ್ರ ಬಿಚ್ಚಿ ನೋಡಿದರೆ ಶೂ ತೇದು ಲೋಹ ಕಾಣುತ್ತಿತ್ತು. ಧರ್ಮಪುರಿಯಿಂದ ಸೇಲಂಗೆ ಹೋಗುವ ಹೆದ್ದಾರಿಯಲ್ಲಿ ತೊಪ್ಪೂರು ಘಾಟಿ ಇದೆ. ಆ ಇಳಿಜಾರಿನಲ್ಲಿ ಲಾರಿಗಳ ಬ್ರೇಕ್ ಕೈಕೊಟ್ಟು ಎಷ್ಟು ಅಪಘಾತಗಳಾಗಿವೆ ಎಂಬುದು ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಆ ಮಗುವಿನ ಮುಖ ನೋಡಿ ನನ್ನ ಕೈ ತಣ್ಣಗಾಯಿತು.

ತಪ್ಪು ಹುಡುಗನದ್ದಲ್ಲ, ನನ್ನದು. ಆ ಗಿರಾಕಿಯ ಹೆಸರು ಮುರುಗನ್ ಎಂದಿಟ್ಟುಕೊಳ್ಳಿ. ಪಕ್ಕದ ಮನೆಯಲ್ಲಿ ಇನ್ನೊಬ್ಬ ಮುರುಗನ್. ಒಮ್ಮೆ ಇವರ ಬೈಕನ್ನು ಅವರು ತಂದು ಬಿಟ್ಟಾಗ ತಮ್ಮದೇ ಮೊಬೈಲ್ ನಂಬರು ಕೊಟ್ಟಿದ್ದರು. ಹೆಸರೂ ಒಂದೇ, ನಂಬರೂ ಒಂದೇ. ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಒಂದು ದಿನ, ಇವರಿಬ್ಬರೂ ಒಬ್ಬರೇ ಇರಬಹುದು, ಸೇರಿಸಲೇ ಎಂದು ಕೇಳಿತು. ನಾನು ಚಹಾ ಕುಡಿಯುತ್ತಾ ಹೌದು ಎಂದು ಒತ್ತಿದೆ. ಗಾಡಿಯ ನಂಬರಿನ ಕಾಲಂ ಖಾಲಿ ಬಿಟ್ಟಿದ್ದೆ. ಅಲ್ಲಿಗೆ ಒಬ್ಬರ ಬ್ರೇಕ್ ಇನ್ನೊಬ್ಬರ ಲೆಕ್ಕಕ್ಕೆ ಸೇರಿತು.

ಊರಿನಲ್ಲೂ ಗಲ್ಫ್‌ನಲ್ಲೂ ಬೆಂಗಳೂರು, ತಮಿಳುನಾಡು ಕಡೆಯಲ್ಲೂ ಅಂಗಡಿ ಇಟ್ಟ ನಮ್ಮವರು ಈಗ ಇಂಥ ಸಾಫ್ಟ್‌ವೇರ್ ಹಾಕಿಸುತ್ತಿದ್ದಾರೆ. ಸಲೂನ್, ಟೈಲರ್, ದಂತ ವೈದ್ಯರು, ಎಸಿ ರಿಪೇರಿ, ಮೆಹಂದಿ ಹಾಕುವ ಹೆಣ್ಮಕ್ಕಳು, ಹೀಗೆ ಪಟ್ಟಿ ದೊಡ್ಡದು. ಎಲ್ಲರೂ ಕೇಳುವುದು ತಿಂಗಳಿಗೆ ಎಷ್ಟು, ವಾಟ್ಸ್‌ಆ್ಯಪ್‌ಗೆ ಮೆಸೇಜ್ ಹೋಗುತ್ತದೆಯೇ ಎಂದು ಮಾತ್ರ. ಗಿರಾಕಿಯ ಹೆಸರನ್ನು ಹೇಗೆ ಬರೆಯಬೇಕು, ಯಾರಿಗೆ ತೋರಿಸಬೇಕು, ಯಾವಾಗ ಅಳಿಸಬೇಕು ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗಳೇ ಮುಖ್ಯ ಎಂಬುದು ನನ್ನ ವಾದ.

ಬಂಟ್ವಾಳದ ಕಡೆ ಉಪ್ಪ ಜೀನಸಿನ ಅಂಗಡಿ ನಡೆಸುತ್ತಿದ್ದರು. ಅವರ ಕಡದ ಪುಸ್ತಕದಲ್ಲಿ ನಾಲ್ಕು ಹಮೀದ್ ಇದ್ದರು. ಉಪ್ಪ ಅವರನ್ನು ದೋಣಿ ಹಮೀದ್, ಬೀಡಿ ಹಮೀದ್, ಮಸ್ಕತ್ ಹಮೀದ್, ಬಾವಿಕಟ್ಟೆ ಹಮೀದ್ ಎಂದು ಬರೆಯುತ್ತಿದ್ದರು. ಒಬ್ಬರ ಅಕ್ಕಿ ಇನ್ನೊಬ್ಬರ ಲೆಕ್ಕಕ್ಕೆ ಎಂದೂ ಹೋಗಲಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಉಪ್ಪನಿಗೆ ಗೊತ್ತಿದ್ದದ್ದು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ನನಗೆ ಗೊತ್ತಿರಲಿಲ್ಲ. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡುವ ಗುರುತನ್ನು ಮೊದಲ ದಿನವೇ ಬರೆದುಬಿಡಬೇಕು.

ಈ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಕಾಲಂ ಇರುತ್ತವೆ. ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಹೆಚ್ಚಿನವರಿಗೆ ಕೊನೆಯ ಹೆಸರೇ ಇಲ್ಲ. ತಂದೆಯ ಹೆಸರಿನ ಮೊದಲ ಅಕ್ಷರ, ಆಮೇಲೆ ತಮ್ಮ ಹೆಸರು, ಅಷ್ಟೇ. ಮದುವೆಯಾದ ಮೇಲೆ ಎಷ್ಟೋ ಹೆಂಗಸರ ಇನಿಶಿಯಲ್ ಗಂಡನ ಹೆಸರಿಗೆ ಬದಲಾಗುತ್ತದೆ. ನಿನ್ನೆಯವರೆಗೆ ಕೆ. ಸೆಲ್ವಿ ಆಗಿದ್ದವರು ಇವತ್ತು ಆರ್. ಸೆಲ್ವಿ. ಸಾಫ್ಟ್‌ವೇರ್ ಲೆಕ್ಕದಲ್ಲಿ ಅವರು ಹೊಸ ಗಿರಾಕಿ. ನಮ್ಮವರ ಕಥೆಯೂ ಬೇರೆಯಲ್ಲ. ಒಬ್ಬನೇ ಮನುಷ್ಯ ಆಧಾರ್‌ನಲ್ಲಿ ಮುಹಮ್ಮದ್, ಪಾಸ್‌ಪೋರ್ಟಿನಲ್ಲಿ ಮೊಹಮ್ಮದ್, ಲೈಸೆನ್ಸಿನಲ್ಲಿ ಎಂಡಿ. ಮೂರು ಸ್ಪೆಲ್ಲಿಂಗ್, ಮೂರು ದಾಖಲೆ.

ಹೆಸರು ಬೇಡ, ಮೊಬೈಲ್ ನಂಬರು ಸಾಕು ಎನ್ನುವವರಿದ್ದಾರೆ. ಮನೆಗೊಂದೇ ಫೋನ್ ಇರುವ ಕಡೆ ಅದು ನಡೆಯುವುದಿಲ್ಲ. ನಂಬರು ಬದಲಾಗುತ್ತದೆ ಕೂಡ. ಸ್ಥಗಿತಗೊಂಡ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಹಳೆಯ ಗಿರಾಕಿಗೆ ಕಳಿಸಿದ ಮೆಸೇಜ್ ಗುರುತೇ ಇಲ್ಲದವರ ಮನೆಗೆ ಹೋಗಬಹುದು.

ಆ ಬ್ರೇಕಿನ ದಿನದ ನಂತರ ನಾನು ಲೆಕ್ಕ ಬದಲಿಸಿದೆ. ಗಾಡಿಯ ದಾಖಲೆ ಬೇರೆ, ಮನುಷ್ಯನ ದಾಖಲೆ ಬೇರೆ. ಬ್ರೇಕ್ ಶೂ, ಆಯಿಲ್, ಚೈನ್ ಎಲ್ಲವೂ ಗಾಡಿಯ ನಂಬರಿನ ಕೆಳಗೆ ಬರುತ್ತದೆ. ಟಿಎನ್ 29 ಧರ್ಮಪುರಿ, ಟಿಎನ್ 24 ಕೃಷ್ಣಗಿರಿ, ಟಿಎನ್ 30 ಮತ್ತು 54 ಸೇಲಂ, ಅಪರೂಪಕ್ಕೆ ನಮ್ಮೂರಿನ ಕೆಎ 19 ಕೂಡ ಬರುತ್ತದೆ. ನಂಬರು ಪ್ಲೇಟಿಗೆ ಇನಿಶಿಯಲ್ ಗೊಂದಲ ಇಲ್ಲ. ಗಾಡಿ ಮಾರಿಹೋದರೆ ಚರಿತ್ರೆ ಗಾಡಿಯ ಜೊತೆ ಉಳಿಯುತ್ತದೆ, ಹಳೆಯ ಮಾಲೀಕರ ಫೋನ್ ನಂಬರನ್ನು ಅದರಿಂದ ಬಿಡಿಸುತ್ತೇವೆ. ಗಾಡಿಯ ನಂಬರು ಹಾಕದೆ ಬುಕಿಂಗ್ ಮುಂದೆ ಹೋಗದ ಹಾಗೆ ಆ ಕಾಲಂ ಕಡ್ಡಾಯ ಮಾಡಿದೆ. ಎರಡು ದಾಖಲೆ ಸೇರಿಸುವ ಕೆಲಸ ನನ್ನೊಬ್ಬನದ್ದು, ಅದೂ ಗಿರಾಕಿಗೆ ಫೋನ್ ಮಾಡಿ ಕೇಳಿದ ಮೇಲೆ. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಒಮ್ಮೆ ಸೇರಿಸಿದ್ದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಇನ್ನು, ಸ್ಕ್ರೀನ್ ಏನೇ ಹೇಳಲಿ, ಬ್ರೇಕನ್ನು ಕಾಲಿನಿಂದ ಒತ್ತಿ ನೋಡಿಯೇ ಗಾಡಿ ಹೊರಗೆ ಹೋಗಬೇಕು.

ಭಾಷೆಗೂ ಒಂದು ಕಾಲಂ ಇಟ್ಟಿದ್ದೇನೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಮಾತಾಡುತ್ತಾರೆ. ನಾನು ಕನ್ನಡದವನೆಂದು ತಿಳಿದಾಗ ಅಂಥ ಒಬ್ಬ ಹಿರಿಯರಿಗೆ ಬಹಳ ಖುಷಿಯಾಯಿತು. ಉತ್ಸಾಹದಲ್ಲಿ ಅವರಿಗೆ ಕನ್ನಡ ಲಿಪಿಯಲ್ಲಿ ಮೆಸೇಜ್ ಕಳಿಸಿದೆ. ಓದಲು ಬರದೆ ಅದನ್ನು ಹಿಡಿದುಕೊಂಡು ಅಂಗಡಿಗೇ ಬಂದರು. ಅವರ ಕನ್ನಡ ಇರುವುದು ನಾಲಗೆಯಲ್ಲಿ, ಕಲಿತ ಅಕ್ಷರ ತಮಿಳು. ಬ್ಯಾರಿ ಮಾತಾಡುವ ನಮ್ಮ ಉಮ್ಮಂದಿರಿಗೆ ಆಸ್ಪತ್ರೆಯಿಂದ ಇಂಗ್ಲಿಷ್ ಮೆಸೇಜ್ ಬಂದಾಗ ಆಗುವುದೂ ಇದೇ. ಈಗ ಆ ಹಿರಿಯರ ದಾಖಲೆಯಲ್ಲಿ "ಮೆಸೇಜ್ ಬೇಡ, ಕರೆ ಮಾಡಿ" ಎಂದಿದೆ.

ಇದು ಸರಿಯಾಗಿ ಬರೆಯುವ ಮಾತಾಯಿತು. ಕಾಪಾಡುವ ಮಾತು ಇದಕ್ಕಿಂತ ಕಷ್ಟದ್ದು.

ಒಂದು ಸಂಜೆ ಅಂಗಡಿಗೆ ಒಬ್ಬ ತಂದೆ ಬಂದರು. ಕಾಲೇಜಿಗೆ ಹೋಗುವ ಮಗಳ ಸ್ಕೂಟರನ್ನು ನಮ್ಮಲ್ಲೇ ಸರ್ವಿಸ್ ಮಾಡಿಸುತ್ತಿದ್ದರು. ಗಲಾಟೆ ಮಾಡಲಿಲ್ಲ. ಫೋನ್ ನನ್ನ ಕೈಗೆ ಕೊಟ್ಟು, "ಬಾಯ್, ಈ ನಂಬರು ನಿಮ್ಮ ಅಂಗಡಿಗೆ ಬಿಟ್ಟರೆ ಬೇರೆ ಯಾರಿಗೂ ಕೊಟ್ಟಿಲ್ಲ" ಅಂದರು. ರಾತ್ರಿ ಹನ್ನೊಂದರ ಮೇಲೆ ಬಂದ ಮೆಸೇಜುಗಳಿದ್ದವು. ಕಳಿಸಿದವನು ನಮ್ಮ ಕೆಲಸದ ಹುಡುಗ. ಸ್ಕ್ರೀನ್ ನೋಡಿ ನಂಬರು ತೆಗೆದುಕೊಂಡಿದ್ದ. ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್, ಅದನ್ನೂ ಗೋಡೆಯ ಮೇಲೆ ಬರೆದಿಟ್ಟವನು ನಾನೇ.

"ಅಣ್ಣಾ, ತಪ್ಪು ನನ್ನದು" ಅಂದೆ. ಬೇರೆ ಮಾತು ಇರಲಿಲ್ಲ. ಹುಡುಗನನ್ನು ಕೆಲಸದಿಂದ ತೆಗೆದೆ, ಆ ಹುಡುಗಿಯ ನಂಬರನ್ನು ಅವರ ಎದುರಿಗೇ ಅಳಿಸಿದೆ. ಅವರು ಮತ್ತೆ ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬರುತ್ತಿರಲಿಲ್ಲ. ನನ್ನ ತಂಗಿಯ ನಂಬರು ಹೀಗೆ ಯಾವುದೋ ಅಂಗಡಿಯ ಗೋಡೆ ದಾಟಿ ಹೋಗಿದ್ದರೆ ಎಂದು ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ಕನ್ನಡ ಪೇಪರಿನಲ್ಲಿ ಅಮಾನತು ಅಂದರೆ ಕೆಲಸದಿಂದ ಸಸ್ಪೆಂಡ್ ಆಗುವುದು. ನಮ್ಮ ಮನೆಗಳಲ್ಲಿ ಅಮಾನತ್ ಅಂದರೆ ನಂಬಿ ಇನ್ನೊಬ್ಬರು ನಮ್ಮ ಕೈಯಲ್ಲಿ ಇಟ್ಟದ್ದು. ಚಿನ್ನ ಇಟ್ಟರೆ ಅಮಾನತ್, ದುಡ್ಡು ಇಟ್ಟರೆ ಅಮಾನತ್, ಅದು ನಮಗೆ ಗೊತ್ತು. ಮಗಳ ಫೋನ್ ನಂಬರು ಕೊಟ್ಟರೆ ಅದೂ ಅಮಾನತ್ ಎಂದು ನಾವಿನ್ನೂ ಕಲಿತಿಲ್ಲ. ಖುರ್‌ಆನಿನ ಅತಿ ಉದ್ದದ ಆಯತ್, ಸೂರ ಅಲ್‌ಬಕರದ 282ನೆಯದ್ದು, ಸಾಲದ ವ್ಯವಹಾರವನ್ನು ನ್ಯಾಯವಾಗಿ ಬರೆದಿಡುವ ಬಗ್ಗೆ ಹೇಳುತ್ತದೆ. ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬ ಅರ್ಥದ ತುಳುವಿನ 'ಬ್ಯಾರ'ದಿಂದ ಬಂದದ್ದು ಎನ್ನುತ್ತಾರೆ. ಲೆಕ್ಕ ಬರೆಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬರೆದದ್ದನ್ನು ಕಾಯುವುದನ್ನು ಮಾತ್ರ ಮರೆತಿದ್ದೇವೆ.

ಕಾನೂನೂ ಈಗ ಇದನ್ನೇ ಹೇಳುತ್ತಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಕಟ್ಟುಪಾಡುಗಳು ಹಂತ ಹಂತವಾಗಿ ಜಾರಿಗೆ ಬರುತ್ತವೆ. ಯಾವ ಕೆಲಸಕ್ಕೆಂದು ಹೇಳಿ ನಂಬರು ಪಡೆದೆವೋ ಅದಕ್ಕೆ ಮಾತ್ರ ಬಳಸಬೇಕು, ಕೇಳಿದರೆ ತಿದ್ದಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು, 18 ವರ್ಷ ತುಂಬದವರದ್ದಾದರೆ ಹೆತ್ತವರ ಒಪ್ಪಿಗೆ ಬೇಕು. ಸುರಕ್ಷತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಅಷ್ಟು ದೊಡ್ಡ ದಂಡ ಬೈಕ್ ಅಂಗಡಿಗೆ ಬೀಳಲಿಕ್ಕಿಲ್ಲ. ಆದರೆ ಆ ತಂದೆಯ ಮುಖ ನೋಡಬೇಕಾಗಿ ಬಂದದ್ದಕ್ಕಿಂತ ದೊಡ್ಡ ದಂಡ ನನಗೆ ಬೇಕಾಗಿಲ್ಲ.

ಈಗ ನಮ್ಮಲ್ಲಿ ಪ್ರತಿಯೊಬ್ಬನಿಗೂ ಬೇರೆ ಲಾಗಿನ್. ಕೆಲಸ ಬಿಟ್ಟವನ ಲಾಗಿನ್ ಅದೇ ದಿನ ಬಂದ್. ಕೆಲಸದ ಹುಡುಗರಿಗೆ ಗಾಡಿಯ ನಂಬರು, ಮಾಡಬೇಕಾದ ಕೆಲಸ ಮಾತ್ರ ಕಾಣುತ್ತದೆ, ಫೋನ್ ನಂಬರು ಕಾಣುವುದಿಲ್ಲ. ಕರೆ ಹೋಗುವುದು ಅಂಗಡಿಯ ಫೋನಿನಿಂದ. ಹುಟ್ಟಿದ ದಿನ, ಮನೆ ವಿಳಾಸ ಕೇಳುವುದನ್ನು ಬಿಟ್ಟೆವು, ಆಯಿಲ್ ಬದಲಿಸಲು ಅವು ಬೇಡ. ಟಿಪ್ಪಣಿಯ ಕಾಲಂನಲ್ಲಿ ಹುಡುಗರು "ಜಗಳಗಂಟ", "ಚೌಕಾಸಿ ಪಾರ್ಟಿ" ಎಂದೆಲ್ಲ ಬರೆದಿದ್ದರು. ಅವನ್ನೂ ಅಳಿಸಿದೆ. ಗಿರಾಕಿಯ ಎದುರು ಗಟ್ಟಿಯಾಗಿ ಓದಿ ಹೇಳಲು ಆಗದ್ದನ್ನು ಅವರ ಹೆಸರಿನ ಕೆಳಗೆ ಬರೆಯಬಾರದು.

ತಿಂಗಳಿಗೊಮ್ಮೆ ಇಡೀ ಪಟ್ಟಿಯನ್ನು ಇಳಿಸಿಕೊಂಡು, ಫೈಲ್ ತೆರೆಯುತ್ತದೆಯೇ ಎಂದು ನೋಡಿ, ಬೀಗ ಹಾಕಿ ಇಡುತ್ತೇನೆ. ಸಾಫ್ಟ್‌ವೇರ್ ಕಂಪನಿ ನಾಳೆ ಮುಚ್ಚಿದರೂ ಗಾಡಿಗಳ ಚರಿತ್ರೆ ಉಳಿಯಬೇಕಲ್ಲ.

"ಡೇಟಾ ಅಂದರೆ ಚಿನ್ನ, ಯಾಕೆ ಅಳಿಸುತ್ತೀ ಮಾರಾಯ" ಎಂದು ಗೆಳೆಯರು ಕೇಳುತ್ತಾರೆ. ಬಿಲ್ಲು ಅಳಿಸುವ ಮಾತಲ್ಲ ಇದು. ಜಿಎಸ್‌ಟಿ ಇದ್ದವರು ಲೆಕ್ಕಪತ್ರಗಳನ್ನು 72 ತಿಂಗಳು ಇಡಲೇಬೇಕು, ಅದು ಬೇರೆ. ಮೂರು ವರ್ಷದಿಂದ ಬಾರದವರ ಫೋನ್ ನಂಬರು ಇಟ್ಟುಕೊಂಡು ಹಬ್ಬಹಬ್ಬಕ್ಕೆ ಆಫರ್ ಕಳಿಸುವುದು ವ್ಯಾಪಾರವಲ್ಲ, ಪೀಡೆ. ಆ ನಂಬರಿನವರು ಈಗ ಬದುಕಿದ್ದಾರೋ ಇಲ್ಲವೋ ಎಂಬುದೂ ನಮಗೆ ಗೊತ್ತಿರುವುದಿಲ್ಲ. ಇನ್ನು ಕೆಲವು ಹಿರಿಯರು ಪುಸ್ತಕವೇ ಸಾಕಿತ್ತು ಎನ್ನುತ್ತಾರೆ. ಪುಸ್ತಕಕ್ಕೂ ಕಣ್ಣಿಡುವವರಿದ್ದರು. ಅದಕ್ಕೇ ಉಪ್ಪ ಅದನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಇಡುತ್ತಿದ್ದರು, ಒಬ್ಬರ ಬಾಕಿಯನ್ನು ಇನ್ನೊಬ್ಬರ ಎದುರು ಎಂದೂ ಓದಿ ಹೇಳುತ್ತಿರಲಿಲ್ಲ. ಪುಸ್ತಕವೋ ಕಂಪ್ಯೂಟರೋ ಎಂಬುದಕ್ಕಿಂತ ಅದನ್ನು ಇಟ್ಟುಕೊಂಡವರು ಹೇಗಿದ್ದಾರೆ ಎಂಬುದು ಮುಖ್ಯ.

ಹಜ್‌ಗೆ ಹೋಗುವ ಮೊದಲು ಉಪ್ಪ ಬಾಕಿ ಇದ್ದವರ ಮನೆಮನೆಗೆ ಹೋದರು. ಕೊಡಲು ಆದವರು ಕೊಟ್ಟರು, ಆಗದವರಿಗೆ ಬಿಟ್ಟುಕೊಟ್ಟರು. ಮನೆಗೆ ಬಂದು ಪುಸ್ತಕವನ್ನು ಬಚ್ಚಲ ಒಲೆಗೆ ಹಾಕಿದರು. ನಾನು ತಡೆಯಲು ಹೋದಾಗ, "ಇದರಲ್ಲಿ ಜನರ ಕಷ್ಟ ಇದೆ, ಇದು ಬೇರೆಯವರ ಕೈಗೆ ಸಿಗಬಾರದು" ಅಂದರು. ಅಂದು ನನಗೆ ಅದು ಅರ್ಥವಾಗಿರಲಿಲ್ಲ.

ಅಂಗಡಿ ಇರುವ ನಮ್ಮ ಪ್ರತಿ ಮನೆಯಲ್ಲೂ ಇವತ್ತು ರಾತ್ರಿ ಶಟರ್ ಎಳೆಯುವ ಮೊದಲು ಒಮ್ಮೆ ನೋಡಿ. ಗಿರಾಕಿಗಳ ನಂಬರು ಯಾರ್ಯಾರ ಫೋನಿನಲ್ಲಿದೆ? ಕೆಲಸ ಬಿಟ್ಟುಹೋದ ಹುಡುಗನ ಪಾಸ್‌ವರ್ಡ್ ಇನ್ನೂ ನಡೆಯುತ್ತದೆಯೇ? ಗೋಡೆಯ ಮೇಲೆ ಏನಾದರೂ ಬರೆದಿದ್ದರೆ ಮೊದಲು ಅದನ್ನು ಅಳಿಸಿ.